ಅಮ್ಮ ನೋಡಿದ ಸಮುದ್ರ

ಅಪ್ಪ,

ಅಮ್ಮನನ್ನು ಜಯನಗರಕ್ಕೆ, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಹುಳಿ ಬಿಸಿ ಮಾಡಿಕೊಳ್ಳಿ.

ಟೀವಿ ಪ್ರಸಾರದ ಪದ್ಧತಿ ಬದಲಾದ ಮೇಲೆ ನಮ್ಮ ಹಳೇ ಆಂಟೆನಾಗೆ ಏನೂ ಬರುತ್ತಿಲ್ಲ, ಸೆಟ್‌ಟಾಪ್ ಬಾಕ್ಸ್ ಬೇಕು. ಅಂಗಡಿಯವರು "ಇನ್ನೂ ಒಳ್ಳೇ ಬಾಕ್ಸ್ ಬರ್ತಿದೆ, ತಡೀರಿ ಸಾರ್" ಅನ್ನುತ್ತಾರೆ, ನೀವೂ ತಡೆಯುತ್ತೀರಿ.

ಬೆಳಿಗ್ಗೆ ಅಮ್ಮ ಟೀವಿ ಹಾಕಿಕೊಂಡು ಕೂತಿದ್ದಳು. ಪರದೆ ತುಂಬ ಬರೀ ಬಿಳಿ ಚುಕ್ಕೆ, ಸುಯ್ಯೆನ್ನುವ ಸದ್ದು. "ಸಮುದ್ರ ತೋರಿಸ್ತಿದಾರೆ ನೋಡೇ ಚೈತ್ರ, ಎಷ್ಟು ಚೆನ್ನಾಗಿದೆ!" ಅಂದಳು. ಅವಳ ಕೈ ಹಿಡಿದು ನಾನೂ ಅಲೆಗಳನ್ನು ನೋಡುತ್ತಾ ಕೂತೆ. ಎದ್ದು ಬರಲು ಮನಸ್ಸೇ ಆಗಲಿಲ್ಲ.

ಇರುವ ದೃಷ್ಟಿಯೂ ಮೆಲ್ಲಗೆ ಹೋಗುತ್ತದೆ ಅಂತ ಡಾಕ್ಟರು ಹೇಳಿದ್ದಾರಲ್ಲ. ಈಗ ಅಂಗಡಿಯಲ್ಲಿರುವ ಬಾಕ್ಸನ್ನೇ ಇವತ್ತು ತಂದುಬಿಡಿ. ಚಿತ್ರ ಸ್ವಲ್ಪ ಮಂಕಾದರೂ ಪರವಾಗಿಲ್ಲ ಅಪ್ಪ, ಅವಳು ನೋಡಲಿ.

ಚೈತ್ರ