ದೃಷ್ಟಿ ತೆಗೆಯುವವರ ಗಮನಕ್ಕೆ

ಕ್ರಿ.ಶ. ೨೩೧೯, ಫೆಬ್ರವರಿ ಮೂವತ್ತೊಂದು
(ಆ ತಿಂಗಳನ್ನು ಉದ್ದ ಮಾಡಿಕೊಂಡಿದ್ದೇವೆ, ಗಾಬರಿಯಾಗಬೇಡಿ.)

ಶ್ರೀಮದಖಂಡ ಬಾಣಂತಿಕೋಣೆ ಸಾಮ್ರಾಜ್ಯಾಧೀಶ್ವರಿ, ಸಾಂಬ್ರಾಣಿಧೂಮ ಚಕ್ರವರ್ತಿನಿ, ಡಾಕ್ಟರ್‌ಗರ್ವಭಂಜನ ಬಿರುದಾಂಕಿತ, ಮದ್ದೂರು ಸಣ್ಣತಾಯಮ್ಮನವರ ದಿವ್ಯ ಸನ್ನಿಧಾನಕ್ಕೆ, ತಮ್ಮ ಹನ್ನೊಂದನೆಯ ತಲೆಮಾರಿನ ಕುಡಿ ಮಾಡುವ ಅರೆಮನಸ್ಸಿನ ನಮಸ್ಕಾರ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ತಮ್ಮ ಕನ್ನಡವೂ ನಮಗೆ ಹಾಗೆಯೇ ಇದೆ.

ನಮ್ಮಲ್ಲಿ ಹತ್ತೊಂಬತ್ತು ತುಂಬಿದವರಿಗೆಲ್ಲ ಒಂದು ‘ಪೂರ್ವಜಬೈಗುಳ’ದ ಹಕ್ಕು ಸಿಗುತ್ತದೆ. ಅಂದರೆ ಸತ್ತುಹೋದ ಹಿರಿಯರಲ್ಲಿ ಒಬ್ಬರನ್ನು ಆರಿಸಿಕೊಂಡು ಸರ್ಕಾರಿ ಖರ್ಚಿನಲ್ಲಿ ಉಗಿಯಬಹುದು. ಉಗಿದು ಬರೆದ ಕಾಗದವನ್ನು ಬೈಗುಳ ಇಲಾಖೆಯವರು ಆ ಹಿರಿಯರು ಬದುಕಿದ್ದ ಕಾಲಕ್ಕೇ ಮುಟ್ಟಿಸುತ್ತಾರೆ. ನನ್ನ ಗೆಳೆಯರು ಕೆರೆ ನುಂಗಿದವರನ್ನು, ಮರ ಕಡಿಸಿದವರನ್ನು ಆರಿಸಿಕೊಂಡರು. ನಾನು ತಮ್ಮನ್ನು ಆರಿಸಿಕೊಂಡೆ. ‘ಗೋಡೆಗಿವಿ’ ಎಂಬ ಯಂತ್ರವಿದೆ. ಹಳೆಯ ಗೋಡೆಗೆ ಅಂಟಿದ ಮಾತನ್ನು ಅದು ಹೆಕ್ಕಿ ಕೊಡುತ್ತದೆ. ತಮ್ಮ ಮನೆಯ ಗೋಡೆಯಲ್ಲಿ ಮಿಕ್ಕವರ ಮಾತಿಗೆ ಜಾಗವೇ ಇರಲಿಲ್ಲ.

ನನಗೆ ಕೇಳಿಸಿದ್ದು ಇಷ್ಟು: ಎರಡೂವರೆ ತಿಂಗಳು ಮೊದಲೇ ಹುಟ್ಟಿದ ತಮ್ಮ ಮೊಮ್ಮಗಳ ಕಣ್ಣು ತೋರಿಸಲು ಗುರುವಾರ ಬನ್ನಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದಾರೆ. ಕೂಸನ್ನು ಕರೆದೊಯ್ಯುತ್ತೇನೆಂದು ಮಗಳು ಶೈಲ ಮೂರು ಸಲ ಕೇಳಿದಳು, ಒಂದು ಸಲ ಅತ್ತಳು. ತಾವು ಕೂಸಿಗೆ ಕುಲಾವಿ ಕಟ್ಟುತ್ತ ಅಂದಿರಿ: “ಪಿಳಿಪಿಳಿ ಅಂತ ನೋಡ್ತಾವ್ಳೆ ಕಣೇ, ಕಣ್ಗೇನಾಗದೆ? ವಸ್ಲು ದಾಟುಸ್ಬುಟ್ರೆ ದೃಷ್ಟಿ ಆಯ್ತದೆ.”

ಈ ಒಂದು ವಾಕ್ಯಕ್ಕಾಗಿಯೇ ನನ್ನ ಹಕ್ಕನ್ನೆಲ್ಲ ಖರ್ಚು ಮಾಡುತ್ತಿದ್ದೇನೆ.

ನಮ್ಮಲ್ಲಿ ಆತುರಗಾರ ಕೂಸುಗಳನ್ನು ‘ಎಳಸುಚೀಲ’ದಲ್ಲಿ ಇಡುತ್ತಾರೆ. ಬೆಚ್ಚನೆಯ ನೀರು ತುಂಬಿ ಹಲಸಿನಕಾಯಿಯಂತೆ ತೂಗುಹಾಕಿದ ಚೀಲ ಅದು. ಕೂಸಿನ ಕಣ್ಣಿನ ಒಳಪರದೆ ಎದುರಿನ ಗೋಡೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. ಪರದೆಯ ನಡುವಿನಿಂದ ರಕ್ತನಾಳಗಳು ಕೆಂಪು ನೂಲಿನಂತೆ ಹೊರಟು ಅಂಚಿನ ಕಡೆಗೆ ತೆವಳುತ್ತವೆ. ನೆಂಟರು ಕಾಫಿ ಕುಡಿಯುತ್ತ ನೋಡುತ್ತಾರೆ. ಅಂಚು ಮುಟ್ಟಿದ ದಿನ ‘ದಡಮುಟ್ಟು’ ಶಾಸ್ತ್ರ, ಕೇರಿಗೆಲ್ಲ ಕಡಲೆಬೆಲ್ಲ. ಚಿಕ್ಕಪ್ಪಂದಿರು ಆ ನೂಲನ್ನು ತಾವೇ ಎಳೆದು ತಂದವರಂತೆ ಮೀಸೆ ತಿರುವುತ್ತಾರೆ.

ತಿಂಗಳು ತುಂಬಿ ಹುಟ್ಟುವ ಕೂಸಿಗೆ ಆ ದಾರಿ ಹೊಟ್ಟೆಯೊಳಗೇ ಬಹುಪಾಲು ಮುಗಿದಿರುತ್ತದೆ. ಹುಟ್ಟಿದ ಮೇಲೆ ಹಾಲುಣಿಸುವ ತಾಯಿಯ ಮುಖದಷ್ಟು ದೂರ ಮಸುಕುಮಸುಕಾಗಿ ಕಂಡರೆ ಸಾಕು. ತಮ್ಮ ಮೊಮ್ಮಗಳದು ಅರ್ಧ ದಾರಿ. ಆ ನೂಲುಗಳು ತಾವಾಗಿಯೇ ಅಂಚು ಸೇರಬಹುದು. ಇಲ್ಲವೇ ಸಿಕ್ಕಾಪಟ್ಟೆ ಹಬ್ಬಿ, ಪರದೆಯನ್ನೇ ಜಗ್ಗಿ ಕಿತ್ತುಬಿಡಬಹುದು. ಆಗಲೂ ಹೊರಗಿನಿಂದ ಕಣ್ಣು ಪಿಳಿಪಿಳಿ ಎನ್ನುತ್ತಲೇ ಇರುತ್ತದೆ, ಮಹಾತಾಯಿ. ಒಳಗೆ ಏನು ನಡೆದಿದೆಯೆಂದು ತಿಳಿಯಬೇಕಾದರೆ, ಹನಿ ಹಾಕಿ ಪಾಪೆ ಅಗಲಿಸಿ, ಹಣೆಗೆ ದೀಪ ಕಟ್ಟಿಕೊಂಡ ಡಾಕ್ಟರೇ ಬಗ್ಗಿ ನೋಡಬೇಕು. ಹೊತ್ತಿಗೆ ಸರಿಯಾಗಿ ಕಂಡರೆ ತಡೆಯಲು ದಾರಿಯಿದೆ. ಹೊತ್ತು ಮೀರಿದರೆ ತಮ್ಮ ಬಿರುದಾವಳಿಯಲ್ಲಿ ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಮುಂದೇನಾಯಿತೆಂದು ಹೇಳಲು ಇಲಾಖೆಯ ಅಪ್ಪಣೆಯಿಲ್ಲ. ಶೈಲಳ ಆಮೇಲಿನ ಮಾತನ್ನು ಕೇಳಿಸಿಕೊಳ್ಳಲು ನನಗೇ ಧೈರ್ಯ ಬರಲಿಲ್ಲ, ಯಂತ್ರ ಆರಿಸಿಬಿಟ್ಟೆ.

ದೃಷ್ಟಿ ಎಂಬ ಒಂದೇ ಮಾತನ್ನು ಎರಡು ಕೆಲಸಕ್ಕೆ ಹಚ್ಚಿದ್ದು ನಮ್ಮ ಭಾಷೆಯ ತಪ್ಪು. ಅದರಲ್ಲಿ ಬೇಡದ್ದಕ್ಕೆ ಹೆದರಿದ್ದು ತಮ್ಮ ತಪ್ಪು. ತಾಗಿದ ದೃಷ್ಟಿಯನ್ನು ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ತೆಗೆದುಕೊಳ್ಳಿ, ಯಾರು ಬೇಡ ಅಂದರು? ಹೋದ ದೃಷ್ಟಿಯನ್ನು ಯಾವ ಒಲೆಗೆ ಏನು ಹಾಕಿ ತರುತ್ತೀರಿ?

ತಮ್ಮ ಲೆಕ್ಕದಲ್ಲಿ ಗುರುವಾರ ಎಂದರೆ ನಾಳೆ. ಕೂಸನ್ನು ಶೈಲಳ ಕೈಗೆ ಕೊಡಿ. ಬಾಗಿಲಿಗೆ ಅಡ್ಡ ಕೂರಬೇಡಿ.

ಇಂತಿ,
ತಮಗೆ ಎಳ್ಳಷ್ಟೂ ವಿಧೇಯನಲ್ಲದ,
ಹೊಂಬಾಳ

ಇನ್ನೊಂದು ಮಾತು, ಇಲಾಖೆಯವರಿಗೆ ಕಾಣದಂತೆ ಅಂಚಿನಲ್ಲಿ ಬರೆಯುತ್ತಿದ್ದೇನೆ. ಹೋದ ವಾರ ನಮ್ಮಕ್ಕನ ಕೂಸನ್ನು ಚೀಲದಿಂದ ತೆಗೆದರು. ನೋಡಲು ಜನವೋ ಜನ. ಎಲ್ಲರೂ ಅತ್ತ ತಿರುಗಿದ್ದಾಗ ಅದರ ಅಂಗಾಲಿಗೆ ಒಂದು ಕಪ್ಪು ಬೊಟ್ಟು ಇಟ್ಟವನು ನಾನೇ.