ಕೊನೆಯ ನೊಣ ಏಳುವವರೆಗೆ

೨೧ ನವೆಂಬರ್ ೨೦೨೫, ಶುಕ್ರವಾರ. ಬಂಗೂರನಗರ.

ಎರಡು ಸಲ ಸೋಪು ಹಚ್ಚಿದರೂ ಕೈಯಿಂದ ಈಥರ್ ವಾಸನೆ ಹೋಗುತ್ತಿಲ್ಲ.

ಇವತ್ತು ಹಣ್ಣಿನ ನೊಣಗಳ ಪ್ರಾಕ್ಟಿಕಲ್. ಆವಿ ತಾಗಿದೊಡನೆ ನೊಣಗಳು ಹುಚ್ಚೆದ್ದು ಗಾಜು ಹತ್ತುತ್ತವೆ, ಆಮೇಲೆ ಅಂಗಾತ ಬಿದ್ದು ಕಾಲು ನಡುಗಿಸುತ್ತವೆ, ಕೊನೆಗೆ ಸ್ತಬ್ಧ. ಏಳುವಾಗ ಮೊದಲು ಒಂದು ಕಾಲು ಅಲುಗುತ್ತದೆ. ಹಾರುವುದು ಎಲ್ಲಕ್ಕಿಂತ ಕಡೆಗೆ. ಅಲ್ಲಿಯವರೆಗೆ ಬಾಟಲಿಯನ್ನು ಅಡ್ಡ ಮಲಗಿಸಿಡಬೇಕು. ಇಲ್ಲದಿದ್ದರೆ ಅವಕ್ಕೆ ಆಹಾರವೆಂದು ತಳದಲ್ಲಿ ಹಾಕಿದ ರವೆ-ಬೆಲ್ಲದ ಗಂಜಿಗೇ ಅಂಟಿಕೊಂಡು ಸಾಯುತ್ತವೆ. ನನ್ನ ವಿದ್ಯಾರ್ಥಿನಿ ಕಾಜಲ್ ಮರೆತು ನೆಟ್ಟಗೆ ನಿಲ್ಲಿಸಿದ್ದಳು. ಎಲ್ಲರೆದುರು ಬೈದೆ, ಅತಿಯಾಗಿಯೇ ಬೈದೆ.

"ನೊಣಕ್ಕ ಇಷ್ಟ್ ಯಾಕ ಸಿಟ್ರಿ ಮೇಡಂ?" ಅಂದಳು.

ಹುಡುಗರೆಲ್ಲ ಹೋದ ಮೇಲೆ ಬಾಟಲಿ ಮಲಗಿಸಿ, ಕೊನೆಯ ನೊಣ ಏಳುವವರೆಗೆ ಪಕ್ಕದಲ್ಲೇ ಕೂತಿದ್ದೆ. ಮನೆಯಲ್ಲಿ ಕಾಯುವವರಿಲ್ಲ ಎಂಬುದಷ್ಟೇ ಕಾರಣವಲ್ಲ.

ಆಗಸ್ಟಿನಲ್ಲಿ ನನಗೆ ಪಿತ್ತಕೋಶದ ಆಪರೇಷನ್ ಆಗಿತ್ತು. ಸಹಿ ಹಾಕಲು ಬಂದಿದ್ದ ಸಹೋದ್ಯೋಗಿ ಕೊನೆಯ ಬಸ್ಸಿಗೆ ಹೊರಟುಹೋಗಿದ್ದರು. ಮಾಸ್ಕಿನ ಆವಿ ಎಳೆದು ಮಲಗಿದ್ದ ನನಗೆ ಕಣ್ಣಿಗಿಂತ ಮೊದಲು ಕಿವಿ ಎಚ್ಚರವಾಯಿತು.

"ಹೊರಗ ನಿಮ್ಮವ್ರು ಯಾರ ಅದಾರ್ರಿ?" ನರ್ಸ್ ಕೇಳಿದಳು.

"ನಮ್ಮವ್ವ ಅದಾಳ. ಗುರುಸಿದ್ದವ್ವ," ಎಂದೆ.

ಅವ್ವ ತೀರಿಕೊಂಡು ಒಂಬತ್ತು ವರ್ಷ. ಪಾಪ, ಆ ಹುಡುಗಿಗೇನು ಗೊತ್ತು? ಬಾಗಿಲಿಗೆ ಹೋಗಿ ಕೂಗಿದಳು: "ಗುರುಸಿದ್ದವ್ವ ಯಾರ್ರೀ? ನಿಮ್ಮ ಮಗಳಿಗೆ ಎಚ್ಚರಾಗೇತಿ, ಬರ್ರಿ!"

ರೆಪ್ಪೆ ಎತ್ತಲು ಆಗುತ್ತಿರಲಿಲ್ಲ. ಅವಳು ಇನ್ನೊಮ್ಮೆ ಕೂಗಿದಳು.

ನಾನೂ ಬಾಗಿಲ ಕಡೆ ಕಿವಿಯಿಟ್ಟು ಕಾದೆ.