ಬಾಟಲಿಯ ಕೆಳಗಿನ ಸಾಲು

ಮನೆಯ ಊಟದ ಮೇಜಿನಿಂದ,
ಶನಿವಾರ, ನಸುಕು

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಕ್ಷೇಮಸಮಾಚಾರಕ್ಕೂ ಮೊದಲು ಒಂದು ತಿದ್ದುಪಡಿ. ಹಿಂದಿನ ಪತ್ರದ ಎರಡನೆಯ ಪುಟದಲ್ಲಿ ನಾನು, ‘ನಿನ್ನ ಗಂಡ ಮತ್ತೆ ಕುಡಿಯಲು ಆರಂಭಿಸಿದ್ದಾನೆ, ಕಣ್ಣಾರೆ ಕಂಡಿದ್ದೇನೆ’ ಎಂದು ಬರೆದಿದ್ದೆ. ಆ ವಾಕ್ಯ ಪೂರ್ತಿ ತಪ್ಪು. ಅದರಲ್ಲಿ ಉಳಿಸಿಕೊಳ್ಳಬಹುದಾದ ಒಂದು ಪದವೂ ಇಲ್ಲ, ದಯವಿಟ್ಟು ಹೊಡೆದುಹಾಕು. ಇನ್ನು, ನಿನ್ನ ಕೆಮ್ಮು ಹೇಗಿದೆ? ನರ್ಸ್ ತರಬೇತಿಯಲ್ಲಿ ರಾತ್ರಿ ಪಾಳಿ ಬಿದ್ದ ಮರುದಿನ ಹಗಲು ನಿದ್ರೆಯನ್ನು ಕೆಡಿಸಿಕೊಳ್ಳಬೇಡ. ನಾವು ಆರೋಗ್ಯವಾಗಿದ್ದೇವೆ.

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ನೀನು ಹಾಸ್ಟೆಲ್ಲಿಗೆ ಹೋದಂದಿನಿಂದ ಅಳಿಯಂದಿರು ನಮ್ಮ ಮಹಡಿಯ ಕೋಣೆಯಲ್ಲಿದ್ದಾರಷ್ಟೆ. ಲಿಫ್ಟ್ ರಿಪೇರಿಯ ಕೆಲಸ ಮುಗಿಸಿ ಬಂದು, ಗ್ರೀಸಿನ ಕೈಗಳನ್ನು ಉಜ್ಜಿ ತೊಳೆದು, ಸಂಜೆ ತಾರಸಿಯ ಮೇಲೆ ಒಬ್ಬರೇ ಕೂರುತ್ತಾರೆ. ಕೈಯಲ್ಲಿ ಕಂದು ಬಾಟಲಿ. ನಿನಗೆ ಮಾತು ಕೊಟ್ಟು ಕುಡಿತ ಬಿಟ್ಟವರು! ಒಂದು ಬೆಳಗ್ಗೆ ಖಾಲಿ ಬಾಟಲಿ ಮೆಟ್ಟಿಲ ಬಳಿ ಸಿಕ್ಕಿತು. ಅದರ ಮೇಲೆ ದಪ್ಪ ಅಕ್ಷರಗಳಲ್ಲಿ ‘ಬಿಯರ್’ ಎಂದಿತ್ತು. ನನಗೆ ಅಷ್ಟು ಸಾಕಾಯಿತು. ಅಂದೇ ನಿನಗೆ ಬರೆದೆ. ನೀನು, ‘ಅಪ್ಪ ಬರೆದ ಮೇಲೆ ಅದು ಸುಳ್ಳಾಗಿರಲಾರದು, ಇನ್ನು ಆ ಮನುಷ್ಯನೊಡನೆ ಬಾಳಲಾರೆ’ ಎಂದು ಉತ್ತರಿಸಿದೆ, ಅವರ ಫೋನು ಎತ್ತುವುದನ್ನೂ ಬಿಟ್ಟೆ.

ನಿನ್ನೆ ಮಧ್ಯಾಹ್ನ ನೀರಿಗೆಂದು ಅಡುಗೆಮನೆಗೆ ಹೋದೆ. ನಿನ್ನ ತಾಯಿ ಫ್ರಿಜ್ಜಿಗೆ ಒರಗಿ ನಿಂತು, ಅಂಥದೇ ಕಂದು ಬಾಟಲಿಯಿಂದ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುತ್ತಿದ್ದಳು. ಮೇಲ್ದುಟಿಯ ಮೇಲೆ ಬಿಳಿ ನೊರೆಯ ಮೀಸೆ. ಮಗಳೇ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಅವಳಿಗೆ ನಾಚಿಕೆಯೂ ಇಲ್ಲ, ಗಾಬರಿಯೂ ಇಲ್ಲ. “ಯಾಕ್ರೀ, ದೆವ್ವ ಕಂಡೋರ ಥರ ನೋಡ್ತೀರಿ? ಒಂದು ವಾರದಿಂದ ದಿನಾ ಅರ್ಧ ಲೋಟ ಕುಡೀತಿದ್ದೀನಿ. ಅಳಿಯಂದ್ರೇ ಕೊಟ್ಟಿದ್ದು” ಎಂದಳು. “ನೀನೂನಾ?” ಎಂದೆ. ಅವಳು ಬಾಟಲಿಯನ್ನು ನನ್ನ ಕನ್ನಡಕದ ಹತ್ತಿರ ತಂದಳು. “ಪ್ರಶ್ನೆ ಪೂರ್ತಿ ಓದ್ರೋ, ಆಮೇಲೆ ಪೆನ್ನು ಹಿಡೀರೋ ಅಂತ ಜೀವಮಾನವೆಲ್ಲ ಮಕ್ಕಳ ಮೇಲೆ ಕೂಗಾಡಿದ್ರಲ್ಲ ಮೇಷ್ಟ್ರೇ, ಕೆಳಗಿನ ಸಾಲು ಓದಿ.” ದಪ್ಪ ಅಕ್ಷರಗಳ ಕೆಳಗೆ ಸಣ್ಣದಾಗಿ ಇತ್ತು: ಮದ್ಯಸಾರವಿಲ್ಲ, ಕಿತ್ತಳೆ ಹಣ್ಣು ಸೇರಿಸಿ ತಯಾರಿಸಿದ್ದು.

ಅಚ್ಚಾದದ್ದನ್ನೆಲ್ಲ ನಂಬುವವನು ನಾನಲ್ಲ. ಪರೀಕ್ಷಿಸಲೇಬೇಕೆಂದು ನಾನೂ ಒಂದು ಲೋಟ ಕುಡಿದೆ. ಮೊದಲು ಗುಳ್ಳೆಗಳು ಮೂಗಿಗೇ ಹೊಡೆದವು. ಅನಂತರ ಹುಳಿ, ಅದರ ಬೆನ್ನಿಗೇ ಆಗತಾನೆ ಸುಲಿದ ಕಿತ್ತಳೆಯ ಪರಿಮಳ, ಕಡೆಗೆ ನಾಲಿಗೆಯ ಬುಡದಲ್ಲಿ ಸಿಪ್ಪೆಯ ಕಹಿ. ರುಚಿಯಾಗಿತ್ತು. ನಿಜ ಬರೆಯಲೇಬೇಕು: ಬಹಳ ರುಚಿಯಾಗಿತ್ತು. ಅಮಲೇರುವುದೇನೋ ಎಂದು ಕಾದೆ. ನೆಲದ ಟೈಲ್ಸಿನ ಗೆರೆಯ ಮೇಲೆ ಹೆಜ್ಜೆ ತಪ್ಪದೆ ನಡೆದೆ. ಹತ್ತೊಂಬತ್ತರ ಮಗ್ಗಿಯನ್ನು ಹಿಂದುಮುಂದಾಗಿ ಒಪ್ಪಿಸಿದೆ. ಸೂಜಿಗೆ ದಾರ ಪೋಣಿಸಿದೆ. “ಕುಡೀದೇ ಇದ್ದಾಗಲೂ ನೀವು ಹೀಗೇ ಆಡೋದು. ಇದರಿಂದ ಏನು ಗೊತ್ತಾಗತ್ತೆ?” ಎಂದು ನಿನ್ನ ತಾಯಿ ನಕ್ಕಳು. ನಿನಗೆ ಬರೆದ ಪತ್ರದ ಸಂಗತಿಯನ್ನು ಅವಳಿಗೆ ಆಗ ಹೇಳಿದೆ, ಅಲ್ಲಿಯವರೆಗೆ ಹೇಳಿರಲಿಲ್ಲ. ಅವಳು ಲೋಟ ಕೆಳಗಿಟ್ಟಳು. “ಅದಕ್ಕೇನಾ ಅವಳು ಫೋನು ಎತ್ತದೇ ಇರೋದು? ಆ ಹುಡುಗ ದಿನಾ ಬಂದು, ನಾನೇನು ತಪ್ಪು ಮಾಡ್ದೆ ಅತ್ತೆ ಅಂತ ನನ್ನ ಕೇಳ್ತಾನಲ್ರೀ.”

ಸಂಜೆ ತಾರಸಿಗೆ ಹೋಗಿ ಅಳಿಯಂದಿರಿಗೆ ಎಲ್ಲವನ್ನೂ ತಿಳಿಸಿದೆ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ; ಅವರು ಬೈಯಲಿಲ್ಲ. ಬಾಟಲಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆಯುತ್ತ ಕುಳಿತಿದ್ದು, “ಬಿಟ್ಟಿದ್ದು ಬಿಟ್ಟೇ ಇದ್ದೀನಿ ಮಾವ. ಸಂಜೆಯಾದ್ರೆ ಕೈ ಖಾಲಿ ಅನ್ಸತ್ತೆ. ಇದನ್ನ ಹಿಡ್ಕೊಂಡು ಕೂತ್ರೆ ಆ ಹೊತ್ತು ಕಳೆದುಹೋಗತ್ತೆ. ಅವಳಿಗೆ ಹೇಳೋಣ ಅಂದ್ರೆ, ಬಾಟ್ಲಿ ಅಂದ ತಕ್ಷಣ ಮುಂದಿನ ಮಾತು ಕೇಳ್ತಾಳೋ ಇಲ್ವೋ ಅಂತ ಹೆದರಿಕೆ” ಎಂದರು. ನೀನು ನನ್ನ ಮಗಳಲ್ಲವೆ. ‘ಖಂಡಿತ ಕೇಳುತ್ತಾಳೆ’ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ನೀನು ಯಾವ ನಿರ್ಧಾರಕ್ಕೆ ಬಂದರೂ ಅದು ನನ್ನ ಆ ಒಂದು ವಾಕ್ಯದ ಮೇಲೆ ನಿಲ್ಲದಿರಲಿ. ಬಿಸಿನೀರು ಕುಡಿ. ನಿನ್ನ ತಾಯಿ ನನ್ನೊಡನೆ ಮಾತು ಬಿಟ್ಟಿದ್ದರೂ, ನಿನಗೆ ಪ್ರೀತಿ ತಿಳಿಸಲು ಸನ್ನೆ ಮಾಡಿದ್ದಾಳೆ.

ಸದಾ ನಿನ್ನ ಹಿತವನ್ನೇ ಬಯಸುವ,
ಅಪ್ಪ

ತಾ.ಕ.: ಲಕೋಟೆಯ ಮೇಲೆ ಅಂಚೆಚೀಟಿ ಇಲ್ಲದ್ದನ್ನು ಗಮನಿಸಿರುತ್ತೀಯೆ. “ಪೋಸ್ಟು ನಿಧಾನ ಮಾವ, ಕೊಡಿ” ಎಂದು ಅಳಿಯಂದಿರು ಬಾಗಿಲಲ್ಲಿ ನಿಂತಿದ್ದಾರೆ; ಬಸ್ಸಿಗೆ ಹೊತ್ತಾಯಿತು. ತಮ್ಮ ಮುಖ ಕಂಡರೆ ನೀನು ಪತ್ರವನ್ನೇ ಮುಟ್ಟುವುದಿಲ್ಲವೆಂದು, ಇದನ್ನು ಹಾಸ್ಟೆಲ್ಲಿನ ಕಾವಲುಗಾರನ ಕೈಗೆ ಕೊಟ್ಟು ತಾವು ಗೇಟಿನ ಹೊರಗೇ ನಿಲ್ಲುತ್ತಾರಂತೆ. ಚೀಲದಲ್ಲಿ ಎರಡು ಬಾಟಲಿಗಳಿವೆ. ಈ ಸಾಲಿನವರೆಗೂ ಓದಿದ್ದರೆ, ಕೆಳಗಿಳಿದು ಹೋಗು.

ಮಾರ್ಚ್ ಹದಿನಾಲ್ಕು, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ.